ಕ್ಷಮಿಸುವ ಮೊದಲು ಲೆಕ್ಕ ಬರೆದೆ

ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ ಅಂತ ನಂಬಿ ಹೇಳಿದ ಮನೆಯ ವಿಷಯವೊಂದನ್ನು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ನಾಲ್ಕು ಜನರ ಬಾಯಿಗೆ ಹಾಕಿದರು. ನನಗೆ ತಂದೆಯ ಸಮಾನರಾಗಿದ್ದವರು ಅವರು. ಗೊತ್ತಾದವರೆಲ್ಲ "ಹೋಗ್ಲಿ ಬಿಡಿ, ಅಷ್ಟು ದೊಡ್ಡ ವಿಷಯ ಏನಲ್ಲ, ಕ್ಷಮಿಸಿಬಿಡಿ" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಒಳಗಿನ ಕಹಿ ಇಳಿಯಲಿಲ್ಲ. ಪಾತ್ರೆ ತೊಳೆಯುವಾಗ, ರಾತ್ರಿ ಮಲಗಿದಾಗ, ಮನಸ್ಸಿನಲ್ಲೇ ಅವರ ಜೊತೆ ಜಗಳ ಆಡುತ್ತಿದ್ದೆ.

ದಾರಿ ಕಂಡಿದ್ದು ಬೈಬಲಿನ ಮತ್ತಾಯ 18ರಲ್ಲಿ. 10,000 ತಲಾಂತು ಸಾಲ ಮನ್ನಾ ಆದ ಆಳು, ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನಲ್ಲ, ಯೇಸು ಹೇಳಿದ ಆ ಸಾಮ್ಯ, ಅಂದರೆ ನೀತಿಕಥೆ. 100 ದಿನಾರಿ ಅಂದರೆ ಚಿಲ್ಲರೆ ಕಾಸು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಆಳುಗಳಿಗೆ ಗೊತ್ತುಮಾಡಿದ್ದೂ ಅಷ್ಟೇ. ಅಂದಮೇಲೆ ಅದು ಮೂರು ತಿಂಗಳಿಗಿಂತ ಜಾಸ್ತಿ ದಿನದ ದುಡಿಮೆ. ಯೇಸು ಆ ನಷ್ಟವನ್ನು ಸಣ್ಣದು ಅನ್ನಲಿಲ್ಲ. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಹಾಗಾಗಿ ಆ ಆಳಿಗೆ ಮನ್ನಾ ಆಗಿದ್ದು 6 ಕೋಟಿ ದಿನಾರಿ. ಅದರ ಪಕ್ಕದಲ್ಲಿ ಇಟ್ಟಾಗ ಮಾತ್ರ 100 ದಿನಾರಿ ಚಿಕ್ಕದಾಗಿ ಕಾಣುತ್ತದೆ.

ಅದಕ್ಕೇ ಮೊದಲು ನನ್ನ ಲೆಕ್ಕ ಬರೆದೆ. ಒಂದು ಹಾಳೆಯಲ್ಲಿ, ಮುಚ್ಚುಮರೆ ಇಲ್ಲದೆ: ನಂಬಿಕೆ ಹೋಯಿತು. ತಂಗಿ ಸಭೆಗೆ ಬರುವುದನ್ನೇ ಬಿಟ್ಟಳು. ಯಾರ ಹತ್ತಿರವೂ "ಪ್ರಾರ್ಥನೆ ಮಾಡಿ" ಅಂತ ಕೇಳಲು ಬಾಯಿ ಬರುತ್ತಿಲ್ಲ. ಅದನ್ನು ಯಾರಿಗೂ ತೋರಿಸಲಿಲ್ಲ, ದೇವರ ಮುಂದೆ ಓದಿದೆ. ಜೊತೆಗೆ 55ನೇ ಕೀರ್ತನೆಯನ್ನೂ ಓದಿದೆ. ಬೈದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಅವನು ನನ್ನ ಜೊತೆ ದೇವಾಲಯಕ್ಕೆ ಬರುತ್ತಿದ್ದ ಗೆಳೆಯ ಅಂತ ದಾವೀದ ಅಲ್ಲಿ ಗೋಳಾಡುತ್ತಾನೆ. ಬೈಬಲಿನಲ್ಲೇ ಇಂಥ ಅಳು ಇರುವಾಗ ನಾವು ಸುಮ್ನೆ ನಗುಮುಖ ಮಾಡಿಕೊಂಡು ಪ್ರಾರ್ಥಿಸಬೇಕಾಗಿಲ್ಲ, ಅಲ್ವಾ?

ಆಮೇಲೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, "ಕರ್ತನೇ, ಇದನ್ನು ನಾನು ಅವರಿಂದ ವಸೂಲಿ ಮಾಡುವುದಿಲ್ಲ. ನ್ಯಾಯ ನಿನ್ನದು" ಅಂತ ಬಾಯಿಬಿಟ್ಟು ಹೇಳಿದೆ. ಮುಯ್ಯಿ ತೀರಿಸುವುದು ದೇವರ ಕೆಲಸ ಅಂತ ರೋಮಾಪುರದವರಿಗೆ ಬರೆದ ಪತ್ರದ 12:19ರಲ್ಲಿ ಇದೆ. ತಂಗಿಯ ಸಾಲಿಗೆ ಬಂದಾಗ ಗಂಟಲು ಕಟ್ಟಿತು. ಅವತ್ತು ಅಲ್ಲಿಗೇ ನಿಲ್ಲಿಸಿ, ಇನ್ನೊಂದು ದಿನ ಕೂತು ಅದನ್ನೂ ಹೇಳಿದೆ.

ಇದಕ್ಕಿಂತ ಕಷ್ಟ ಆಗಿದ್ದು ಅವರಿಗಾಗಿ ಪ್ರಾರ್ಥಿಸುವುದು. ಲೂಕ 6:28 ಅದನ್ನೇ ಕೇಳುತ್ತದೆ. "ಅವರನ್ನು ಹೇರಳವಾಗಿ ಆಶೀರ್ವದಿಸು" ಅನ್ನಲು ಮನಸ್ಸು ಒಪ್ಪಲಿಲ್ಲ. ಅವರಿಗೆ ಮೊಣಕಾಲು ನೋವಿತ್ತು. ಆ ನೋವು ಕಡಿಮೆ ಆಗಲಿ ಅಂತ ಮನಸಾರೆ ಕೇಳಬಲ್ಲೆ ಅನ್ನಿಸಿತು. ಅಷ್ಟನ್ನೇ ದಿನಾ ಕೇಳಿದೆ. ನಿಧಾನಕ್ಕೆ ಅವರ ಮಕ್ಕಳಿಗಾಗಿ, ಅವರ ಸೇವೆಗಾಗಿ ಕೂಡ ಕೇಳಲು ಆಯಿತು. ಈಗಲೂ ಹಳೆಯದು ನೆನಪಾಗುತ್ತದೆ. ಆಗ ಮತ್ತೆ ಅದೇ ಮಾತು ಹೇಳುತ್ತೇನೆ. ಅದೇ ಮತ್ತಾಯ 18ರಲ್ಲಿ ಯೇಸು ಏಳೆಪ್ಪತ್ತು ಸಲ ಕ್ಷಮಿಸು ಅಂದಿದ್ದು ಹೊಸ ತಪ್ಪುಗಳಿಗೆ ಮಾತ್ರವಲ್ಲ, ಮತ್ತೆ ಮತ್ತೆ ಏಳುವ ಒಂದೇ ನೋವಿಗೂ ಹೌದು ಅಂತ ನನ್ನ ಅನಿಸಿಕೆ.

ಅವರು ಕ್ಷಮೆ ಕೇಳಿಲ್ಲ. ಅವರ ಕೈಕುಲುಕುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ, ಆದರೆ ಗುಟ್ಟಿನ ವಿಷಯ ಹೇಳುವುದಿಲ್ಲ. ಇದು ಅರೆಬರೆ ಕ್ಷಮೆ ಅಂತ ಕೆಲವರು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ತಿಮೊಥೆಗೆ ಬರೆದ ಎರಡನೆಯ ಪತ್ರದ 4ನೇ ಅಧ್ಯಾಯದಲ್ಲಿ ಪೌಲ, ತನ್ನ ಕೈಬಿಟ್ಟು ಹೋದವರ ತಪ್ಪು ಅವರ ಲೆಕ್ಕಕ್ಕೆ ಸೇರದಿರಲಿ ಅನ್ನುತ್ತಾನೆ. ಅದಕ್ಕಿಂತ ಸ್ವಲ್ಪ ಮೇಲೆ, ಕಂಚುಗಾರ ಅಲೆಕ್ಸಾಂದ್ರನ ವಿಷಯದಲ್ಲಿ ಎಚ್ಚರವಾಗಿರು ಅಂತಲೂ ಹೇಳುತ್ತಾನೆ.

ತಂಗಿಗೆ ಮಾತ್ರ ಕ್ಷಮಿಸು ಅಂತ ಒತ್ತಾಯ ಮಾಡಿಲ್ಲ. ಅವಳಿಗೆ ಆದ ನಷ್ಟದ ಲೆಕ್ಕ ಅವಳೇ ಬರೆಯಬೇಕು. ಬರೆಯುವಾಗ ಜೊತೆಗೆ ಕೂರುತ್ತೇನೆ ಅಂತ ಹೇಳಿದ್ದೇನೆ.