ಟೈಮ್ ಕೂಡಿಸಬೇಡಿ, ಕಳೆಯಿರಿ: ಪಂಪ್ ಬೋರ್ಡ್ ಜೊತೆ ನನ್ನ ಅನುಭವ

ಚನ್ನಗಿರಿ ಕಡೆಯ ಒಂದು ಅಡಿಕೆ ತೋಟದ ಬೋರ್‌ವೆಲ್ ಮೋಟಾರನ್ನು ತಾನೇ ಆನ್, ಆಫ್ ಮಾಡುವ ಕಂಟ್ರೋಲ್ ಬೋರ್ಡ್ ನನ್ನ ಟೇಬಲ್ಲಿಗೆ ಬರೋ ಹೊತ್ತಿಗೆ ಎರಡು ಸಲ ಮೋಟಾರ್ ಸುಟ್ಟಿತ್ತು. ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಲು ಸಲಕ್ಕೆ ಹತ್ತಿರ ಹತ್ತಿರ 20 ಸಾವಿರ. ರಿಲೇ ಬದಲಾಯಿಸಿದ್ದರು, ಕರೆಂಟ್ ಸೆನ್ಸರ್ ಬದಲಾಯಿಸಿದ್ದರು. "ವೋಲ್ಟೇಜ್ ಪ್ರಾಬ್ಲಂ ಸಾರ್, ಕೋಡ್‌ನಲ್ಲಿ ಏನಿರುತ್ತೆ?" ಅಂತ ದಾವಣಗೆರೆಯ ನಮ್ಮ ಎಲೆಕ್ಟ್ರಿಷಿಯನ್ ಗೆಳೆಯರದ್ದೆಲ್ಲ ಒಂದೇ ರಾಗ.

ಬೋರ್‌ನಲ್ಲಿ ನೀರು ಕೆಳಗಿಳಿದರೆ ಮೋಟಾರ್ ಆಫ್, 40 ನಿಮಿಷ ಬಿಟ್ಟು ಆನ್. ಕೋಡ್‌ನಲ್ಲಿ ಆಫ್ ಆದ ಟೈಮಿಗೆ 40 ನಿಮಿಷ ಕೂಡಿಸಿ, ಈಗಿನ ಟೈಮ್ ಅದನ್ನು ದಾಟಿತಾ ಅಂತ ನೋಡುತ್ತಿದ್ದರು. ಈ ಟೈಮ್ ಅಂದರೆ ಬೋರ್ಡ್ ಶುರುವಾದಾಗಿನಿಂದ ಮಿಲಿಸೆಕೆಂಡ್ ಎಣಿಸುವ 32 ಬಿಟ್ ಕೌಂಟರ್; ಅದು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಅದರ ಕೊನೆಯ 40 ನಿಮಿಷದೊಳಗೆ ಮೋಟಾರ್ ಆಫ್ ಆದರೆ ಕೂಡಿಸಿದ ಮೊತ್ತ ಸುತ್ತು ಹೊಡೆದು ಚಿಕ್ಕದಾಗುತ್ತದೆ. ಕಾಯುವ ಮಾತೇ ಇಲ್ಲ. ಆನ್, ನೀರಿಲ್ಲ, ಆಫ್, ಮತ್ತೆ ಆನ್. ಕೌಂಟರ್ ಸೊನ್ನೆಗೆ ಬರುವವರೆಗೂ ಇದೇ ಗೋಳು.

"49 ದಿನ ಕರೆಂಟ್ ಹೋಗದ ತೋಟ ಎಲ್ಲಿದೆ ಸ್ವಾಮಿ?" ಅಂತ ಆ ಗೆಳೆಯರು ನಕ್ಕರು. ಬೇರೆ ಬೋರ್ಡ್‌ಗಳು ಉಳಿದಿದ್ದೇ ಅದರಿಂದ. ಕರೆಂಟ್ ಹೋಗಿ ಬಂದಾಗಲೆಲ್ಲ ಎಣಿಕೆ ಮೊದಲಿಂದ. ಈ ಬೋರ್ಡ್‌ಗೆ ಬ್ಯಾಟರಿ ಇತ್ತು, ಎಣಿಕೆ ನಿಲ್ಲಲಿಲ್ಲ, ಅಷ್ಟೇ.

ಕೌಂಟರನ್ನು ಕೊನೆಗಿಂತ ಒಂದು ನಿಮಿಷ ಹಿಂದೆ ಇಟ್ಟು, ಮೋಟಾರ್ ಜಾಗದಲ್ಲಿ ಬಲ್ಬ್ ಹಾಕಿ ಎಲ್ಲರ ಮುಂದೆ ಓಡಿಸಿದೆ. ಬಲ್ಬ್ ಪಟಪಟ ಅಂತ ಬಡಿದುಕೊಂಡಿತು. ಆಮೇಲೆ ಒಂದೇ ಸಾಲು ತಿದ್ದಿದೆ: ಈಗಿನ ಟೈಮಿನಿಂದ ಆಫ್ ಆದ ಟೈಮ್ ಕಳೆದು, ಉಳಿದಿದ್ದು 40 ನಿಮಿಷ ಆಯ್ತಾ ನೋಡು. ಎಲ್ಲವೂ ಅನ್‌ಸೈನ್ಡ್, ಅಂದರೆ ಮೈನಸ್ ಇಲ್ಲದ 32 ಬಿಟ್ ಸಂಖ್ಯೆ ಇರಬೇಕು. ಕೌಂಟರ್ ಸುತ್ತಿದರೂ ವ್ಯತ್ಯಾಸ ಸರಿಯಾಗೇ ಬರುತ್ತದೆ. ಬಲ್ಬ್ ತೆಪ್ಪಗೆ ಕಾಯಿತು. ಅವತ್ತು ನಕ್ಕವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಕೋಡ್ ಹಾಕಿಸುತ್ತಾರೆ. ಬೋರ್ಡ್‌ಗೆ ಐನೂರು, ಆರುನೂರು ತಗೋತೀನಿ. ನೀರು ಇಳಿದದ್ದನ್ನು ಕರೆಂಟ್ ನೋಡಿ ಹಿಡಿಯುವ ಲೆಕ್ಕ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ರಾತ್ರಿ ಪಾಳಿಗೂ ಇದೇ ದಾರಿ. ರಾತ್ರಿ 10ರಿಂದ ಬೆಳಗಿನ ಜಾವ 4 ಅಂದರೆ ಮಧ್ಯರಾತ್ರಿ ದಾಟುವಾಗ ಇಫ್ ಮೇಲೆ ಇಫ್ ಬರೆಯೋರು ಜಾಸ್ತಿ. ಮಧ್ಯರಾತ್ರಿಯಿಂದ ಎಣಿಸಿದರೆ ರಾತ್ರಿ 10 ಅಂದರೆ 1320ನೇ ನಿಮಿಷ, ದಿನಕ್ಕೆ 1440, ಪಾಳಿ 360. ಈಗಿನ ನಿಮಿಷದಿಂದ 1320 ಕಳೆದು, 1440 ಕೂಡಿಸಿ, 1440ರಿಂದ ಭಾಗಿಸಿದ ಶೇಷ 360ಕ್ಕಿಂತ ಕಡಿಮೆ ಇದ್ದರೆ ಓಡಿಸು. ಮುಗೀತು.

ಸುಮ್ನೆ ಇರಲಾರದೆ ಒಂದು ಲಿನಕ್ಸ್ ಬೋರ್ಡ್‌ನಲ್ಲಿ ಮೋಟಾರ್ ಎಷ್ಟು ಹೊತ್ತು ಓಡಿತು ಅಂತ ಲಾಗ್ ಕೂಡ ಮಾಡಿದೆ. ಗಡಿಯಾರದ ಚಿಪ್ ಇಲ್ಲ, ಶುರುವಾಗುವಾಗ ಅದರ ಟೈಮ್ 1970ನೇ ಇಸವಿ. ಮಧ್ಯೆ ನೆಟ್ ಬಂದು ಟೈಮ್ ಸರಿಯಾಯಿತು. ಮೋಟಾರ್ ಐವತ್ತು ವರ್ಷಕ್ಕಿಂತ ಜಾಸ್ತಿ ಓಡಿದೆ ಅಂತ ಲಾಗ್! ಅವಧಿ ಅಳೆಯಲು ಕ್ಲಾಕ್ ಮೊನೊಟಾನಿಕ್ (CLOCK_MONOTONIC, ಟೈಮ್ ತಿದ್ದಿದರೂ ಜಿಗಿಯದ ಗಡಿಯಾರ) ಮಾತ್ರ ಬಳಸಿ. ಅದು ಸೆಕೆಂಡ್, ನ್ಯಾನೊಸೆಕೆಂಡ್ ಎರಡನ್ನೂ ಬೇರೆ ಬೇರೆ ಕೊಡುತ್ತದೆ; ಕಳೆದಾಗ ನ್ಯಾನೊಸೆಕೆಂಡ್ ಮೈನಸ್‌ಗೆ ಹೋದರೆ ನೂರು ಕೋಟಿ ಸೇರಿಸಿ, ಸೆಕೆಂಡಿನಲ್ಲಿ ಒಂದು ಇಳಿಸಿ.

ಹಾಂ, 8 ಬಿಟ್ ಬೋರ್ಡ್‌ನವರು 40 ಇಂಟು 60 ಇಂಟು 1000 ಅಂತ ಹಾಗೇ ಬರೆಯಬೇಡಿ. ಅಲ್ಲಿ ಇಂಟ್ (ಕೋಡ್‌ನ ಸಾಮಾನ್ಯ ಪೂರ್ಣಾಂಕ) ಬರೀ 16 ಬಿಟ್, 32,767ರ ಮೇಲೆ ಹಿಡಿಯಲ್ಲ. 40 ಆದ ಕೂಡಲೇ ಯು ಎಲ್ (ಅನ್‌ಸೈನ್ಡ್ ಲಾಂಗ್) ಅಂಟಿಸಿ, 40UL ಅಂತ.