ಅಲಾಟ್‌ಮೆಂಟ್‌ನಲ್ಲಿ ಮೊದಲ ಆಲೂಗಡ್ಡೆ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಆಲೂಗಡ್ಡೆ ತಂದರೆ ಕತ್ತಲಲ್ಲಿಡಬೇಕು ಅನ್ನುವುದು ನಮ್ಮ ಕೈಗೆ ಕಲಿಸಿದ ಪಾಠ. ಸಿಂಕ್ ಕೆಳಗಿನ ಬುಟ್ಟಿ, ಅಕ್ಕಿ ಡಬ್ಬದ ಪಕ್ಕದ ಮೂಲೆ. ತಿನ್ನುವ ಗೆಡ್ಡೆಗೆ ಅದೇ ಸರಿ. ಆದರೆ ಬಿತ್ತನೆ ಗೆಡ್ಡೆಯನ್ನೂ ಹಾಗೇ ಇಟ್ಟು ನಮ್ಮವರಲ್ಲಿ ಎಷ್ಟೋ ಜನ ಮೊದಲ ವರ್ಷವೇ ಎಡವುತ್ತಾರೆ.

ಜಾಗದ ವಿಚಾರ ಬೇಗ ಮುಗಿಸೋಣ: ಅಲಾಟ್‌ಮೆಂಟ್ ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ನೆಲ. ಕೌನ್ಸಿಲ್‌ನಲ್ಲಿ ಹೆಸರು ಬರೆಸಿ, ಸರದಿ ಬರುವವರೆಗೆ ಕಾಯಿರಿ. ಪೂರ್ತಿ ಪ್ಲಾಟ್ ಸುಮಾರು 250 ಚದರ ಮೀಟರ್, ಅಂದರೆ ಎರಡೂವರೆ ಗುಂಟೆ. ಮೊದಲಿಗೆ ಅರ್ಧ ಸಾಕು.

ಜನವರಿಯಲ್ಲಿ ಗಾರ್ಡನ್ ಸೆಂಟರ್‌ಗಳಿಗೆ ಬಿತ್ತನೆ ಗೆಡ್ಡೆ ಬರುತ್ತದೆ. ಪ್ರಮಾಣೀಕರಿಸಿದ್ದನ್ನೇ ತನ್ನಿ. ಸೂಪರ್‌ಮಾರ್ಕೆಟ್ ಗೆಡ್ಡೆಯಲ್ಲಿ ವೈರಸ್ ಇದ್ದರೆ ಕಣ್ಣಿಗೆ ಕಾಣುವುದಿಲ್ಲ. ಗಿಡ ಎದ್ದ ಮೇಲೆ ಎಲೆ ಮುದುರಿ ಇಳುವರಿ ಬಿದ್ದುಹೋಗುತ್ತದೆ. ಹಾಸನದ ರೈತರು ಪಂಜಾಬಿನ ಜಲಂಧರದ ಬಿತ್ತನೆಗೆ ಕಾಯುವುದಕ್ಕೂ ಇಲ್ಲಿನವರು ಸ್ಕಾಟ್ಲೆಂಡಿನ ಬಿತ್ತನೆ ಹುಡುಕುವುದಕ್ಕೂ ಕಾರಣ ಒಂದೇ. ವೈರಸ್ ಹರಡುವ ಸಸ್ಯಹೇನು ಚಳಿಯಲ್ಲಿ ಕಡಿಮೆ.

ಇನ್ನು ಮೊಳಕೆ. ಗೆಡ್ಡೆಯ ಒಂದು ತುದಿಯಲ್ಲಿ ಬಳ್ಳಿಗೆ ಅಂಟಿಕೊಂಡಿದ್ದ ಹೊಕ್ಕುಳಿನ ಗುರುತಿರುತ್ತದೆ, ಎದುರು ತುದಿಯಲ್ಲಿ ಕಣ್ಣುಗಳು ಒತ್ತಾಗಿರುತ್ತವೆ. ಕಣ್ಣಿನ ತುದಿ ಮೇಲೆ ಬರುವಂತೆ ಮೊಟ್ಟೆ ಟ್ರೇನಲ್ಲಿ ನಿಲ್ಲಿಸಿ. 10 ಡಿಗ್ರಿ ಆಸುಪಾಸಿನ, ಬೆಳಕಿರುವ, ಹಿಮ ತಾಗದ ಜಾಗ ಬೇಕು: ಹೀಟಿಂಗ್ ಇಲ್ಲದ ಪೋರ್ಚ್ ಅಥವಾ ರೇಡಿಯೇಟರ್ ಆರಿಸಿದ ಕೋಣೆಯ ಕಿಟಕಿ. ನಾಲ್ಕರಿಂದ ಆರು ವಾರದಲ್ಲಿ 2–3 ಸೆಂಟಿಮೀಟರ್‌ನ ಮೋಟು ಮೊಳಕೆ ಬರುತ್ತದೆ. ದಪ್ಪಗೆ, ಹಸಿರೋ ನೇರಳೆಯೋ ಬಣ್ಣ, ಬುಡದಲ್ಲಿ ಬೇರಿನ ಸಣ್ಣ ಸಣ್ಣ ಬೊಬ್ಬೆ. ಬೆರಳಿಂದ ತಟ್ಟಿದರೂ ಅಲುಗುವುದಿಲ್ಲ. ಬೆಚ್ಚಗಿನ ಕತ್ತಲಲ್ಲಿ ಬಂದದ್ದು ದಾರದಂತೆ ಬೆಳ್ಳಗೆ ಉದ್ದವಾಗಿ, ಚೀಲದಿಂದ ಎತ್ತುವಾಗಲೇ ಮುರಿಯುತ್ತದೆ. ಮುರಿದರೆ ಗೆಡ್ಡೆಯನ್ನು ಎಸೆಯಬೇಡಿ. ಬೆಳಕಿಗೆ ತಂದಿಡಿ, ಮತ್ತೆ ಮೊಳೆಯುತ್ತದೆ. ಕಸು ಮಾತ್ರ ಸ್ವಲ್ಪ ಕಡಿಮೆ.

ಊರಲ್ಲಿ ಎರಡು ಕಣ್ಣು ಬರುವಂತೆ ಕತ್ತರಿಸಿ ನೆಡುವುದನ್ನು ಕಂಡವರು ಇಲ್ಲಿ ಆ ಉಳಿತಾಯಕ್ಕೆ ಹೋಗಬೇಡಿ. ಈ ತಣ್ಣನೆಯ ಒದ್ದೆ ಮಣ್ಣಲ್ಲಿ ಕತ್ತರಿಸಿದ ಗಾಯ ಬೇಗ ಕೊಳೆಯುತ್ತದೆ. ಕೋಳಿಮೊಟ್ಟೆ ಗಾತ್ರದ್ದನ್ನು ಇಡಿಯಾಗಿ ನೆಡಿ.

ಬೇಗ ಬರುವ ತಳಿಗಳನ್ನು ಮಾರ್ಚ್ ಕೊನೆಗೆ, ಅಂದರೆ ಯುಗಾದಿಯ ಆಸುಪಾಸಿನಲ್ಲಿ ನೆಡಬಹುದು. ಶಾರ್ಲೆಟ್‌ನಂಥ ಎರಡನೆಯ ಸರದಿಯವನ್ನು ಏಪ್ರಿಲ್ ಮಧ್ಯಕ್ಕೆ, ಮ್ಯಾರಿಸ್ ಪೈಪರ್, ಕಿಂಗ್ ಎಡ್ವರ್ಡ್‌ನಂಥ ಮುಖ್ಯ ಬೆಳೆಯನ್ನು ಏಪ್ರಿಲ್ ಕೊನೆಗೆ. ದೋಸೆ ಪಲ್ಯಕ್ಕೆ ಹಿಟ್ಟುಹಿಟ್ಟಾಗಿ ಬೇಯುವ ಮ್ಯಾರಿಸ್ ಪೈಪರ್ ಬೇಕು. ಶಾರ್ಲೆಟ್ ಹೋಳು ಕರಗುವುದಿಲ್ಲ, ಅದು ಸಾಗುವಿಗೆ.

ತಾರೀಖಿಗಿಂತ ಹದ ಮುಖ್ಯ. ಒಂದು ಹಿಡಿ ಮಣ್ಣು ಹಿಂಡಿ. ಅಂಟಂಟಾಗಿ ಉಂಡೆ ಕಟ್ಟಿದರೆ ಇನ್ನೊಂದು ವಾರ ಕಾಯಿರಿ, ಬೆರಳು ತಾಗಿಸಿದಾಗ ಉದುರಿದರೆ ನೆಡಿ. ಮಕ್ಕಳ ಕೈಯಲ್ಲೂ ಹಿಂಡಿಸಿ. ‘ಊಟ ಮಾಡು, ಶೂ ಹಾಕು, ಹೋಂವರ್ಕ್ ಆಯ್ತಾ’ ಇಷ್ಟರೊಳಗೇ ಇಲ್ಲಿ ಹುಟ್ಟಿದ ಮಕ್ಕಳ ಕನ್ನಡ ನಿಂತುಹೋಗುತ್ತಿದೆ. ಹದ, ಏರಿ, ಸಾಲು, ಗುದ್ದಲಿ ಅನ್ನುವ ಮಾತು ನಾಲ್ಕು ಗೋಡೆಯೊಳಗೆ ಹುಟ್ಟುವುದೇ ಇಲ್ಲ. ನಮ್ಮಲ್ಲೂ ಹೊಲ ಇದ್ದ ಮನೆಯವರೇ ಎಷ್ಟೋ ಮಂದಿ ಹಾಸ್ಟೆಲ್ಲು, ಬೆಂಗಳೂರು ಅಂತ ಹೋಗಿ ಬಿತ್ತನೆ ಕಲಿಯದೆ ಉಳಿದವರು. ಅಪ್ಪ ಅಮ್ಮನನ್ನು ಫೋನಿನಲ್ಲಿ ಕೇಳಿ. ಅವರು ಹೇಳುವ ತಿಂಗಳು ಇಲ್ಲಿಗೆ ಹೊಂದದು, ಹದದ ಮಾತು ಹೊಂದುತ್ತದೆ.

ಆಳ 12–15 ಸೆಂಟಿಮೀಟರ್. ಬೇಗ ಬರುವವಕ್ಕೆ ಗಿಡದಿಂದ ಗಿಡಕ್ಕೆ 30, ಸಾಲಿಂದ ಸಾಲಿಗೆ 60. ಮುಖ್ಯ ಬೆಳೆಗೆ 37 ಮತ್ತು 75. ಚೆನ್ನಾಗಿ ಕಳಿತ ಗೊಬ್ಬರ ಹಾಕಿ. ಬೂದಿ, ಸುಣ್ಣ ಬೇಡ, ಸಿಪ್ಪೆಗೆ ಕಜ್ಜಿ ಏಳುತ್ತದೆ. ಕುದುರೆ ಲದ್ದಿ ಪುಕ್ಕಟೆ ಸಿಕ್ಕಿತೆಂದು ನೇರ ಸುರಿಯಬೇಡಿ, ಹುಲ್ಲಿಗೆ ಹೊಡೆದ ಕಳೆನಾಶಕ ಅದರಲ್ಲಿ ಉಳಿದಿರಬಹುದು. ಮೊದಲು ಕುಂಡದಲ್ಲಿ ಆ ಗೊಬ್ಬರಕ್ಕೆ ನಾಲ್ಕು ಹುರುಳಿಕಾಯಿ ಬೀಜ ಹಾಕಿ. ಎಲೆ ಸುರುಳಿಯಾಗಿ ಎದ್ದರೆ ಆ ಗೊಬ್ಬರ ಬೇಡ.

ಗಿಡ 20 ಸೆಂಟಿಮೀಟರ್ ಆದಾಗ ತುದಿ ಮಾತ್ರ ಕಾಣುವಂತೆ ಮಣ್ಣು ಏರಿಸಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ. ಬಿಸಿಲು ತಾಗಿದ ಗೆಡ್ಡೆ ಹಸಿರಾಗಿ ಸೊಲನೈನ್ ವಿಷ ಕಟ್ಟುತ್ತದೆ, ತಿನ್ನಬಾರದು. ಮೇ ತಿಂಗಳಲ್ಲೂ ಇಲ್ಲಿ ಕೆಲವು ರಾತ್ರಿ ನೆಲ ಹಿಮಗಟ್ಟುತ್ತದೆ (ಫ್ರಾಸ್ಟ್). ಮುನ್ಸೂಚನೆ ಇದ್ದ ಸಂಜೆ ಫ್ಲೀಸ್ (ಗಿಡಕ್ಕೆ ಹೊದಿಸುವ ತೆಳು ಬಿಳಿ ಬಟ್ಟೆ) ಹೊದಿಸಿ.

ಜುಲೈ ಮಳೆಗೆ ಅಂಗಮಾರಿ ಬರುತ್ತದೆ, ಹಾಸನದ ಹೊಲಗಳನ್ನು ಕಾಡುವ ಅದೇ ರೋಗ. ಎರಡು ದಿನ ಸತತವಾಗಿ ಕನಿಷ್ಠ ತಾಪಮಾನ 10 ಡಿಗ್ರಿಗಿಂತ ಇಳಿಯದೆ, ದಿನಕ್ಕೆ ಆರು ಗಂಟೆಯಾದರೂ ತೇವಾಂಶ ಶೇ. 90 ಇದ್ದರೆ ಪ್ಲಾಟ್‌ಗೆ ಹೋಗಿ ಎಲೆಯ ಕೆಳಗೆ ನೋಡಿ. ಕಂದು ಕಲೆಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅವತ್ತೇ ಕಾಂಡಗಳನ್ನು ಬುಡಕ್ಕೆ ಕತ್ತರಿಸಿ ಹೊರಗೆ ಸಾಗಿಸಿ. ಎರಡು ವಾರ ಬಿಟ್ಟು ಅಗೆಯಿರಿ, ಅಷ್ಟರಲ್ಲಿ ಸಿಪ್ಪೆ ಗಟ್ಟಿಯಾಗಿರುತ್ತದೆ. ಮರುವರ್ಷ ಸಾರ್ಪೋ ಮೀರಾ ತಳಿ ಹಾಕಿ, ಅದು ರೋಗ ತಡೆದುಕೊಳ್ಳುತ್ತದೆ.

ಬೇಗ ಬರುವವು ಜೂನ್ ಕೊನೆಗೇ ಸಿಗುತ್ತವೆ, ಮುಖ್ಯ ಬೆಳೆ ಗೌರಿ ಹಬ್ಬದ ಹೊತ್ತಿಗೆ. ಒಣಹವೆಯ ದಿನ ಕಿತ್ತು, ಒಂದೆರಡು ಗಂಟೆ ಆರಲು ಬಿಟ್ಟು, ಕಾಗದದ ಚೀಲದಲ್ಲಿ ತುಂಬಿ ಕತ್ತಲಲ್ಲಿಡಿ. ಗೋಲಿಯಷ್ಟು ಚಿಕ್ಕದನ್ನೂ ಮಣ್ಣಲ್ಲಿ ಬಿಡದೆ ಹೆಕ್ಕಿ. ಉಳಿದದ್ದು ಮುಂದಿನ ವರ್ಷ ತಾನೇ ಮೊಳೆತು ಅಂಗಮಾರಿಯನ್ನು ಪಕ್ಕದವರ ಪ್ಲಾಟ್‌ಗೂ ಹಬ್ಬಿಸುತ್ತದೆ.