ಸೋಲಾರ್ ಟ್ಯಾಂಕ್ ತೂತಾಗದಿರಲಿ, ಪಂಪ್ ಸುಡದಿರಲಿ

ಹೋದ ವರ್ಷ ನಮ್ಮ ಮನೆ ಸೋಲಾರ್ ನಲ್ಲಿಯಲ್ಲಿ ಬೆಳಿಗ್ಗೆ ಕೆಂಪು ನೀರು ಬರತೊಡಗಿತು. ಅರ್ಧ ಬಕೆಟ್ ಚೆಲ್ಲಿದರೆ ತಿಳಿಯಾಗುತ್ತಿತ್ತು, ಹಾಗಾಗಿ ಸುಮ್ನೆ ಬಿಟ್ಟೆ. ಅದೇ ತಪ್ಪು. ಒಳಗೆ ಪೈಪೋ ಟ್ಯಾಂಕೋ ತುಕ್ಕು ಹಿಡಿಯುತ್ತಿತ್ತು.

ದಾವಣಗೆರೆಯಲ್ಲಿ ಭದ್ರಾ ನೀರು ಬಂದ ದಿನ ಚಿಂತೆಯಿಲ್ಲ, ಬರದ ದಿನ ಬೋರೇ ಗತಿ. ಬೋರ್ ನೀರು ಗಡಸು. ಬಿಸಿಯಾದಷ್ಟೂ ಅದರ ಸುಣ್ಣ ಬೇರೆಯಾಗಿ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ, 60 ಡಿಗ್ರಿ ದಾಟಿದರೆ ಇನ್ನೂ ಜಾಸ್ತಿ. ಜೊತೆಗೆ ಗೀಸರ್ ಇದ್ದರೆ 55ರಿಂದ 60ರೊಳಗೆ ಇಡಿ.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡಲು ರೇಡಿಯೇಟರ್ ಇರುತ್ತವೆ. ಅಲ್ಲಿ ಅದೇ ನೀರು ವರ್ಷಗಟ್ಟಲೆ ಸುತ್ತುತ್ತದೆ, ಅದರಲ್ಲಿನ ಆಮ್ಲಜನಕ ಬೇಗ ಮುಗಿಯುತ್ತದೆ, ಮೇಲೆ ತುಕ್ಕು ತಡೆಯುವ ರಾಸಾಯನಿಕವನ್ನೂ ಹಾಕುತ್ತಾರೆ. ನಾವು ಸ್ನಾನದ ನೀರಿಗೆ ಅದನ್ನು ಹಾಕೋಕಾಗಲ್ಲ ಅಲ್ವಾ? ದಿನಾ ಹೊಸ ನೀರು, ಅದರ ಜೊತೆ ಹೊಸ ಆಮ್ಲಜನಕ, ಅದರಿಂದಲೇ ತುಕ್ಕು.

ಅದಕ್ಕೇ ಟ್ಯಾಂಕಿನೊಳಗೆ ಮೆಗ್ನೀಷಿಯಂನ ಆನೋಡ್ ರಾಡ್ ಇರುವುದು. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ನಮ್ಮದನ್ನು ಬಿಚ್ಚಿಸಿದಾಗ ಹೆಬ್ಬೆರಳು ದಪ್ಪದ ರಾಡು ಜಗಿದುಗಿದ ಕಬ್ಬಿನ ಸಿಪ್ಪೆಯಂತಾಗಿ, ನಡುವಿನ ತಂತಿ ಹೊರಗೆ ಕಾಣುತ್ತಿತ್ತು. ತಂತಿ ಕಂಡರೆ ಯೋಚಿಸಬೇಡಿ, ಹೊಸದು ಹಾಕಿಸಿ. ವರ್ಷಕ್ಕೊಮ್ಮೆ ನೋಡಿದರೆ ಸಾಕು. ಎಲ್ಲ ಟ್ಯಾಂಕಿಗೂ ಈ ರಾಡ್ ಇರುವುದಿಲ್ಲ, ಕೊಳ್ಳುವಾಗಲೇ ಕೇಳಿ.

ಟ್ಯಾಂಕ್ ತೊಳೆಯುವುದು ಬಿಸಿಲೇರುವ ಮುಂಚೆ. ಗಾಜಿನ ಟ್ಯೂಬಿನ ಸೋಲಾರ್ ಆದರೆ ಇದನ್ನು ಮರೆಯಲೇಬೇಡಿ: ಖಾಲಿ ಟ್ಯೂಬ್ ಮಧ್ಯಾಹ್ನ ಕಾದಿರುವಾಗ ತಣ್ಣೀರು ಬಿಟ್ಟರೆ ಟಪ್ ಅಂತ ಒಡೆಯುತ್ತದೆ. ಸುಣ್ಣ ಬಿಡಿಸಲು ಬಾತ್‌ರೂಮ್ ಆಸಿಡ್ ಸುರಿಯುತ್ತೇನೆ ಎನ್ನುವವರನ್ನು ಮಹಡಿ ಹತ್ತಿಸಬೇಡಿ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಶವರಿನ ತೂತು ಕಟ್ಟಿದ್ದರೆ ಬಿಚ್ಚಿ, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ.

ತಾಮ್ರದ ಪೈಪನ್ನು ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ನೇರ ಕೂಡಿಸಬೇಡಿ. ಕೂಡಿದ ಕಡೆಯೇ ಜಿಐ ಬೇಗ ಕೊಳೆಯುತ್ತದೆ. ನಡುವೆ ಹಿತ್ತಾಳೆ ಜೋಡಣೆ ಇರಲಿ.

ಇನ್ನು ನಲ್ಲಿಗೆ ನೀರು ಜೋರಾಗಿ ಬರಲೆಂದು ಹಾಕುವ ಪ್ರೆಷರ್ ಪಂಪ್. ಸಾಮಾನ್ಯ ಪಂಪನ್ನು ಬಿಸಿನೀರಿನ ಲೈನಿಗೆ ಹಾಕಿದರೆ ಒಳಗಿನ ರಬ್ಬರ್ ಸೀಲ್ ಸುಕ್ಕಾಗಿ ಸೋರುತ್ತದೆ, ಸೋರಿದ ನೀರು ಬೇರಿಂಗಿಗೆ ಹೋಗುತ್ತದೆ, ಆಮೇಲೆ ಕಿರಗುಟ್ಟುವ ಸದ್ದು, ಆಮೇಲೆ ರಿಪೇರಿ ಅಂಗಡಿ. ಬಿಸಿನೀರಿಗೆಂದೇ ಮಾಡಿದ್ದನ್ನು ಕೊಳ್ಳಿ. ಒತ್ತಡ ತಡೆಯದ ಸೋಲಾರ್ ಟ್ಯಾಂಕಿಗೆ ಪಂಪಿನಿಂದ ನೀರು ತುಂಬಿಸಲೇಬೇಡಿ, ಅದರ ಗಾಳಿ ಪೈಪಿನ ಬಾಯಿಗೆ ಹಕ್ಕಿ ಗೂಡು ಕಟ್ಟಿದೆಯಾ ಅಂತಲೂ ಆಗಾಗ ನೋಡಿ.

ಪಂಪ್ ಸುಡಲು ದೊಡ್ಡ ಕಾರಣ ನೀರಿಲ್ಲದೆ ಓಡುವುದು. ಮೇಲಿನ ಟ್ಯಾಂಕ್ ಖಾಲಿಯಾದರೆ ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಹಾಕಿಸಿ. ಪಂಪಿಗೆ ನೀರು ಬರುವ ಕಡೆ ಒಂದು ಜಾಲರಿ ಫಿಲ್ಟರ್, ಎರಡೂ ಕಡೆ ವಾಲ್ವ್ ಇದ್ದರೆ ಇಡೀ ಮನೆ ನೀರು ಖಾಲಿ ಮಾಡದೆ ಬಿಚ್ಚಬಹುದು. ಸ್ವಿಚ್ ಹಾಕಿದಾಗ ಗುಂಯ್ ಎಂಬ ಸದ್ದು ಮಾತ್ರ ಬಂದು ಪಂಪ್ ತಿರುಗದಿದ್ದರೆ ಕೂಡಲೇ ಆಫ್ ಮಾಡಿ. ಮೋಟಾರೇ ಸುಟ್ಟಿದೆ ಅಂತ ಒಪ್ಪಿಕೊಳ್ಳುವ ಮುಂಚೆ, ಮೋಟಾರ್ ತಿರುಗಲು ಶುರುವಾಗುವಂತೆ ಮಾಡುವ ಕೆಪ್ಯಾಸಿಟರ್ ನೋಡಲು ಹೇಳಿ. ನಮ್ಮದರಲ್ಲಿ ಅದೂ ಸರಿಯಿತ್ತು. ಒಳಗೆ ತಿರುಗಿ ನೀರು ತಳ್ಳುವ ಚಕ್ರವನ್ನು, ಅಂದರೆ ಇಂಪೆಲ್ಲರ್, ಬಿಚ್ಚಿದರೆ ಉಗುರಿನಷ್ಟು ಉಗುರಿನಷ್ಟು ಸುಣ್ಣದ ಚಕ್ಕೆಗಳು ಸಿಕ್ಕಿಕೊಂಡಿದ್ದವು.